ರೇಷ್ಮೆಗೆ ಮೈಲಿಗೆಯಿಲ್ಲ

ಕಾಚಿಗೂಡದಲ್ಲಿ ನಮ್ಮ ಮೇಲಿನ ಮನೆಯ ನರಸಿಂಹರಾಯರು ನೀರಾವರಿ ಇಲಾಖೆಯಿಂದ ನಿವೃತ್ತರಾದ ಮೇಲೆ ಎರಡೇ ಕೆಲಸ ಉಳಿಸಿಕೊಂಡಿದ್ದರು: ಬೆಳಗಿನ ದೇವರ ಪೂಜೆ ಮತ್ತು ಮನೆಯವರ ಕೈ ತೊಳೆಸುವುದು. ಎರಡನೆಯದರಲ್ಲಿ ಅವರಿಗೆ ಸರಿಸಾಟಿ ಇರಲಿಲ್ಲ. ಹಾಲಿನವನು ಕೂಡ ಅವರ ಮನೆಯ ಗಂಟೆಯನ್ನು ಮೊಣಕೈಯಿಂದ ಒತ್ತುತ್ತಿದ್ದ.

ಮೊದಲನೆಯದಕ್ಕೆ ಒಂದು ವರ್ಷ ಸೀನು ಅಡ್ಡ ಬಂತು. ಸ್ನಾನ ಮಾಡಿ, ತಂದೆಯ ಕಾಲದ ಮಗುಟವನ್ನು, ಅಂದರೆ ಪೂಜೆಗೆ ಉಡುವ ರೇಷ್ಮೆ ಪಂಚೆಯನ್ನು, ಗಳದಿಂದ ಇಳಿಸಿ ಉಟ್ಟು ಕೂತರೆ ಸಾಕು, ಸೀನು ಶುರು. ಸೀನಿದರೆ ಕೈ ಮೂಗಿಗೆ ಹೋಗುತ್ತದೆ. ಕೈ ಮೂಗಿಗೆ ಹೋದರೆ ಮಡಿ ಕೆಡುತ್ತದೆ. ಆಮೇಲೆ ಮತ್ತೆ ತಣ್ಣೀರಿನ ಸ್ನಾನ, ಮತ್ತೆ ಅದೇ ಮಗುಟ, ಮತ್ತೆ ಸೀನು. ನೈವೇದ್ಯವಾಗದೆ ಮನೆಯಲ್ಲಿ ಯಾರೂ ತಿನ್ನುವಂತಿಲ್ಲ. ಮೈಸೂರಿನಿಂದ ಬಂದ ಸೊಸೆ ಪೂರ್ವಿ ಊರಿನ ಇನ್ನೊಂದು ತುದಿಯ ಕೊಂಡಾಪುರದ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಳು. ಕೆಳಗೆ ಕ್ಯಾಬು ಹಾರ್ನ್ ಹೊಡೆದಾಗ ಬರಿ ಹೊಟ್ಟೆಯಲ್ಲಿ ಮೆಟ್ಟಿಲಿಳಿಯುತ್ತಿದ್ದಳು.

ಡಾಕ್ಟರು ಧೂಳಿನ ಅಲರ್ಜಿ ಎಂದರು. ರಾಯರಿಗೆ ಬಹಳ ಸಮಾಧಾನವಾಯಿತು. ಧೂಳು ಎಲ್ಲಿಂದ ಬರುತ್ತದೆಂದು ಅವರಿಗೆ ಗೊತ್ತಿತ್ತು. ಕೊಂಡಾಪುರದಲ್ಲಿ ಎಲ್ಲಿ ನೋಡಿದರೂ ಕಟ್ಟಡ ಏಳುತ್ತಿತ್ತು, ಸೊಸೆ ದಿನಾ ಅಲ್ಲಿಗೆ ಹೋಗಿ ಬರುತ್ತಿದ್ದಳು.

ಅಂದಿನಿಂದ ಪೂರ್ವಿಯ ಚಪ್ಪಲಿ ಹೊಸ್ತಿಲಾಚೆ ಉಳಿಯಿತು. ಬ್ಯಾಗನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಯೇ ಒಳಗೆ ತರಬೇಕು. ರಾಯರು ಪರದೆ ಒಗೆಸಿದರು, ಗಾದಿಗಳನ್ನು ಮಾಳಿಗೆಯ ಬಿಸಿಲಿಗೆ ಹಾಕಿಸಿದರು, ಕರವಸ್ತ್ರ ಕುದಿಸಿದರು, ಫ್ಯಾನಿನ ರೆಕ್ಕೆ ಒರೆಸಿದರು. ಇವೆಲ್ಲ ಒಳ್ಳೆಯ ಅಭ್ಯಾಸಗಳೇ. ಅವರನ್ನು ನೋಡಿ ನಮ್ಮ ಮನೆಯಲ್ಲೂ ಕೆಲವನ್ನು ಕಲಿತೆವು, ನಮಗೆ ನೆಗಡಿ ಕಡಿಮೆಯಾಯಿತು. ರಾಯರಿಗೆ ಮಾತ್ರ ಹೆಚ್ಚಾಯಿತು.

"ಅಪ್ಪಾ, ನಿಮಗ ಆಗವಲ್ದಂದ್ರ ನಾ ಮಾಡ್ತೀನಿ ಬಿಡ್ರಿ. ಮಂತ್ರದ ಸಿ.ಡಿ. ಅದ, ಹಚ್ಚಿ ಗಂಟಿ ಬಾರಿಸಿದ್ರ ಆತು," ಎಂದ ಮಗ ಆಶಿಷ್.

ಅಪ್ಪನಿಂದ ಬಂದ ಪೂಜೆ ಸಿ.ಡಿ.ಯ ಪಾಲಾಗುವುದನ್ನು ನೆನೆದು ರಾಯರು ಅಂದು ತಿಂಡಿ ಬಿಟ್ಟರು. ಹೇಗೂ ತಿಂಡಿಯ ಹೊತ್ತು ದಾಟಿತ್ತು.

ಒಂದು ಬೆಳಿಗ್ಗೆ, ಮೂರನೆಯ ಸ್ನಾನದ ನಂತರ ಬಂದ ಸೀನಿಗೆ ದೇವರ ಮುಂದಿನ ದೀಪವೇ ಆರಿತು. ಬ್ಯಾಗು ಹಿಡಿದು ಕಾಯುತ್ತಿದ್ದ ಪೂರ್ವಿ ತಡೆಯಲಾರದೆ ಕೇಳಿದಳು:

"ಮಾವ, ಆ ಪಂಚೇನ ಒಂದ್ಸಲ ಒಗೆದು ನೋಡೋಣ್ವಾ?"

"ಮಗುಟ ಒಗೀತಾರೇನಮ್ಮಾ? ರೇಷ್ಮಿಗೆ ಮೈಲಿಗಿ ಇಲ್ಲ. ನಿಮ್ಮ ಮೈಸೂರಾಗ ಯಾರೂ ಹೇಳಿಲ್ಲೇನು?"

"ಮೈಲಿಗೆ ಇಲ್ಲ ಮಾವ. ಧೂಳಿದೆ."

ಉತ್ತರ ಕೊಡಲು ರಾಯರು ಬಾಯಿ ತೆರೆದರು. ಬಂದದ್ದು ಸೀನು.

ಅವರ ಹೆಂಡತಿ ಸುಂದರಾಬಾಯಿ ಅಡುಗೆಮನೆಯಿಂದ ಹೊರಗೆ ಬಂದರು. "ಸಾಕು, ಬಿಚ್ಚಿ ಕೊಡ್ರಿ ಅದನ್ನ. ಇಲ್ಲಾಂದ್ರ ನಾಳಿಂದ ಸಿ.ಡಿ. ಹಚ್ಚಸ್ತೀನಿ."

ರಾಯರು ಹತ್ತಿಯ ಪಂಚೆ ಉಟ್ಟು ಮಗುಟವನ್ನು ಕೊಟ್ಟುಬಿಟ್ಟರು. ಸುಂದರಾಬಾಯಿ ಅದನ್ನು ಅಂಟವಾಳದ ನೊರೆಯಲ್ಲಿ ನೆನೆಸಿ ಮೆಲ್ಲಗೆ ಹಿಂಡಿದರು. ನೀರು ಮೊದಲು ಚಹದ ಬಣ್ಣಕ್ಕೆ ಬಂತು, ಆಮೇಲೆ ಮೋರಿಯ ಬಣ್ಣಕ್ಕೆ. ರಾಯರು ಬಕೆಟ್ಟಿಗೆ ಬಗ್ಗಿ ಬಹಳ ಹೊತ್ತು ನೋಡಿದರು.

"ನೋಡಿದ್ಯೇನು? ಕೊಂಡಾಪುರದ ಧೂಳು ಎಷ್ಟದ!"

"ಹೌದ್ರಿ," ಎಂದರು ಸುಂದರಾಬಾಯಿ, "ನಿಮ್ಮ ಮಗುಟ ದಿನಾ ಕ್ಯಾಬ್‌ನಾಗ ಕೂತು ಆಫೀಸಿಗೆ ಹೋಗ್ತಿತ್ತಲ್ಲ, ಪಾಪ, ಭಾಳ ದಣದದ."

ಮರುದಿನ ಒಂದೇ ಸ್ನಾನಕ್ಕೆ ಮಂಗಳಾರತಿ ಮುಗಿಯಿತು. ಪೂರ್ವಿ ಬಿಸಿ ಅವಲಕ್ಕಿ ತಿಂದು ಹೋದಳು. ಪೂಜೆ ರಾಯರ ಕೈಯಲ್ಲೇ ಉಳಿಯಿತು.

ಈಗ ಓಣಿಯಲ್ಲಿ ನೆಗಡಿಯಾದವರು ರಾಯರ ಸಲಹೆ ಕೇಳಲು ಬರುತ್ತಾರೆ. "ಮೊದಲಿಗೆ, ಸೊಸಿ ಚಪ್ಪಲಿ ಹೊರಗ ಬಿಡಸ್ರಿ," ಎಂದು ಅವರು ಶುರು ಮಾಡುತ್ತಾರೆ. ಮಗುಟದ ಮಾತು ಬರುವುದಿಲ್ಲ. ಬಂದವರಿಗೆ ಸೊಸೆ ಇಲ್ಲದಿದ್ದರೆ ಮಾತ್ರ ರಾಯರು ಸ್ವಲ್ಪ ಯೋಚಿಸಬೇಕಾಗುತ್ತದೆ.