ಮೊದಲು ಹಿಂಡಿ, ಆಮೇಲೆ ಜಾಲಿಸಿ

ಬೆಳಗಿನ ಐದೂವರೆ. ಸಮುದ್ರದ ಮೇಲೆ ಇನ್ನೂ ಬೂದು ಬಣ್ಣ. ದಡದ ತಗಡಿನ ಶೆಡ್ಡಿನಲ್ಲಿ ಆಳೆತ್ತರದ ಉಕ್ಕಿನ ಕೊಳವೆಯೊಂದಿದೆ. ಅದರ ದಪ್ಪ ಗಾಜಿನ ಕಿಂಡಿಗೆ ಮೂಗು ತಾಗುವಷ್ಟು ಹತ್ತಿರ ನಿಂತಿದ್ದಾರೆ ಹಿಂಡಕ್ಕ. ಒಳಗೆ ಬಿಳಿ ಹರಳಿನ ರಾಶಿ. ಅವರು ತಳದ ವಾಲ್ವನ್ನು ಕಾಲು ಸುತ್ತು ತಿರುಗಿಸುತ್ತಾರೆ. ಉಪ್ಪುನೀರು ಸಣ್ಣಗೆ ಬಸಿಯತೊಡಗುತ್ತದೆ. ಇನ್ನು ಹನ್ನೊಂದು ನಿಮಿಷ ಯಾರೂ ಏನನ್ನೂ ಮುಟ್ಟುವಂತಿಲ್ಲ.

"ಅಕ್ಕ, ಇವತ್ತೊಂದಿನ ಎಂಟು ನಿಮಿಷಕ್ಕೆ ಮುಗ್ಸೋಣ್ವಾ? ಪರೀಕ್ಷೆ ಮಾಡೋರು ಗೇಟಿಗೆ ಬಂದಾಯ್ತು," ಎನ್ನುತ್ತಾರೆ ಎಂಜಿನಿಯರ್, ಉಗುರು ಕಚ್ಚುತ್ತ.

"ಬಂದ್ರೆ ಕೂತ್ಕೊಳ್ಳಿ ಸರ್. ಅವರು ಬಂದಿರೋದು ಉಪ್ಪಿಗೆ ಗೊತ್ತಾಗುತ್ತಾ?"

ಇಂದು ಮೂವತ್ತನೆಯ ದಿನ. ಸತತ ಮೂವತ್ತು ಬೆಳಿಗ್ಗೆ ಇಲ್ಲಿ ತಯಾರಾಗುವ ನೀರಿನಲ್ಲಿ ಲೀಟರಿಗೆ ಐನೂರು ಮಿಲಿಗ್ರಾಮಿಗಿಂತ ಕಡಿಮೆ ಉಪ್ಪಿದ್ದರೆ ಘಟಕ ಉಳಿಯುತ್ತದೆ, ಶೆಡ್ಡಿನ ಹಿಂದಿನ ಓಣಿಗಳ ನಲ್ಲಿಗೆ ನೀರು ಹರಿಯುತ್ತದೆ. ಈ ಸಲ ಒಂದೇ ಒಂದು ಬೆಳಿಗ್ಗೆ ತಪ್ಪಿದರೂ ಶೆಡ್ಡಿಗೆ ಬೀಗ. ಈಗಾಗಲೇ ಎರಡು ಸಲ ಸೋತಾಗಿದೆ. ಇದು ಕೊನೆಯ ಅವಕಾಶ. ಇಪ್ಪತ್ತೊಂಬತ್ತು ದಿನ ದಾಟಿದ್ದಾಗಿದೆ.

ಇಲ್ಲಿ ನಡೆಯುವ ಕೆಲಸ ಅಂಥ ಮಾಯಾಮಂತ್ರವೇನಲ್ಲ. ಸಮುದ್ರದ ನೀರನ್ನು ಚೆನ್ನಾಗಿ ತಣ್ಣಗಾಗಿಸಿ, ಒತ್ತಡದಲ್ಲಿ ಪ್ರೊಪೇನ್ ಬೆರೆಸುತ್ತಾರೆ. ಅದು ಅಡುಗೆ ಸಿಲಿಂಡರಿನ ಗ್ಯಾಸಿಗೆ ಹತ್ತಿರದ ನೆಂಟ. ನೀರು ಆ ಅನಿಲವನ್ನು ಒಡಲಲ್ಲಿಟ್ಟುಕೊಂಡು ಮಂಜುಗಡ್ಡೆಯಂಥ ಹರಳಾಗುತ್ತದೆ. ಇದಕ್ಕೆ ಹೈಡ್ರೇಟ್ ಎನ್ನುತ್ತಾರೆ. ಹರಳಿನ ಮನೆಯಲ್ಲಿ ಅನಿಲಕ್ಕೆ ಜಾಗವಿದೆ, ಉಪ್ಪಿಗಿಲ್ಲ. ಹರಳನ್ನು ತೊಳೆದು ಕರಗಿಸಿದರೆ ಸಿಹಿನೀರು; ಹೊರಬಂದ ಅನಿಲ ಮುಂದಿನ ಸರದಿಗೆ. ಪಕ್ಕದ ಕೋಣೆಯಲ್ಲಿ ಇಂಥದ್ದೇ ಹರಳಿನಲ್ಲಿ ಮೀಥೇನ್ ಕೂಡಿಡುವ ಪ್ರಯೋಗ ನಡೆದಿದೆ. ಒಂದು ಬಕೆಟ್ ಹರಳಿನೊಳಗೆ ನೂರೈವತ್ತು ಬಕೆಟ್ಟಿನಷ್ಟು ಅನಿಲ ಹಿಡಿಸುತ್ತದಂತೆ.

"ಅವರಿಗೆ ಗ್ಯಾಸು ಬೇಕು, ನೀರು ಬೇಡ. ನಮಗೆ ನೀರು ಬೇಕು, ಗ್ಯಾಸು ಬೇಡ. ಗೋಡೆಗೆ ಗೋಡೆ ಅಂಟಿದ್ರೂ ಜಗಳ ಇಲ್ಲ ನೋಡಿ," ಎಂದು ನಗುತ್ತಾರೆ ಹಿಂಡಕ್ಕ.

ಐವತ್ತೆರಡರ ಈಕೆ ಓದಿದ್ದು ಏಳನೇ ಕ್ಲಾಸು. ಹತ್ತೊಂಬತ್ತು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನಕ್ಕೆ ಮುನ್ನೂರು ಹಾಸುಬಟ್ಟೆ ಒಗೆದವರು. ಊರಿನ ಬಾವಿಗಳಿಗೆ ಸಮುದ್ರದ ಉಪ್ಪು ನುಗ್ಗಿದ ಮೇಲೆ ಯಂತ್ರಗಳು ತುಕ್ಕು ಹಿಡಿದವು, ಲಾಂಡ್ರಿ ಮುಚ್ಚಿತು. ಎರಡು ವರ್ಷದ ಹಿಂದೆ ಈ ಘಟಕಕ್ಕೆ ನೆಲ ಒರೆಸಲು ಸೇರಿದರು. ಮನೆಯಲ್ಲಿ ರಕ್ತದೊತ್ತಡವಿರುವ ಅತ್ತೆ. ಉಪ್ಪು ಬಿಡಿ ಎಂದ ಡಾಕ್ಟರಿಗೆ ಆಕೆ ಕೊಟ್ಟ ಉತ್ತರ ಇಡೀ ಓಣಿಗೆ ಬಾಯಿಪಾಠ: "ಊಟದಲ್ಲಿರೋದನ್ನ ಬಿಟ್ಟೆ ಕಣಪ್ಪ. ಬಾವಿ ನೀರಲ್ಲಿರೋದನ್ನ ಎಲ್ಲಿ ಬಿಡ್ಲಿ?"

ಹಾಗಾಗಿ ಹಿಂಡಕ್ಕ ದಿನವೂ ಎರಡು ಕಿಲೋಮೀಟರ್ ದೂರದಿಂದ ಕುಡಿಯುವ ನೀರಿನ ಕ್ಯಾನು ಹೊತ್ತು ತರುತ್ತಾರೆ. ಎಡ ಭುಜ ಕೊಂಚ ತಗ್ಗಿದೆ. ಯಾರಿಗೇ ಆಗಲಿ ನೀರನ್ನು ಅರ್ಧ ಲೋಟ ಮಾತ್ರ ಕೊಡುವುದು ಆ ಮನೆಯ ರೂಢಿ.

ಮೊದಲೆರಡು ಸಲ ಇಲ್ಲಿನ ಉಪ್ಪಿನ ಮೀಟರು ಸಾವಿರದೈನೂರರಿಂದ ಕೆಳಗಿಳಿಯಲೇ ಇಲ್ಲ. ಹರಳು ಸಾಲದೆಂದುಕೊಂಡು ಎಂಜಿನಿಯರ್ ಇನ್ನಷ್ಟು ತಣ್ಣಗಾಗಿಸಿದರು, ಇನ್ನಷ್ಟು ಜೋರಾಗಿ ಕಲಕಿಸಿದರು. ಹರಳು ಹಿಟ್ಟಿನಂತಾಯಿತು, ಅದರ ಸಂದುಸಂದಿನಲ್ಲಿ ಉಪ್ಪುನೀರು ಬೀಡುಬಿಟ್ಟಿತು. ಅದರ ಮೇಲೆ ನೀರು ಸುರಿದದ್ದೇ ಸುರಿದದ್ದು. ತಯಾರಾದ ಸಿಹಿನೀರಿನಲ್ಲಿ ಅರ್ಧ ತೊಳೆಯುವುದಕ್ಕೇ ಮುಗಿಯುತ್ತಿತ್ತು.

ನೆಲ ಒರೆಸುತ್ತ ಕಿಂಡಿಯಲ್ಲಿ ಇಣುಕುತ್ತಿದ್ದ ಈಕೆ ಒಂದು ದಿನ ತಡೆಯಲಾರದೆ ಬಾಯಿಬಿಟ್ಟರು. "ಸರ್, ತಪ್ಪು ತಿಳ್ಕೋಬೇಡಿ. ಸೋಪಿನ ಬಟ್ಟೆ ಹಿಂಡದೆ ಹತ್ತು ಬಕೆಟ್ ನೀರು ಹಾಕಿದ್ರೂ ನೊರೆ ಹೋಗಲ್ಲ. ಮೊದ್ಲು ಹಿಂಡಿ, ಆಮೇಲೆ ಜಾಲಿಸಿ."

"ಅಕ್ಕ, ಇದು ಬಟ್ಟೆಯಲ್ಲ."

"ಗೊತ್ತು ಸರ್. ಬಟ್ಟೆ ಆಗಿದ್ದಿದ್ರೆ ನಮ್ಮ ಲಾಂಡ್ರಿಯವರು ನಿಮ್ಮನ್ನ ಯಾವತ್ತೋ ಮನೆಗೆ ಕಳಿಸ್ತಿದ್ರು."

ಎಂಜಿನಿಯರ್ ಆ ಸಂಜೆ ಸಿಟ್ಟಾದರು, ಮರುದಿನ ಪ್ರಯತ್ನಿಸಿ ನೋಡಿದರು. ನಿಧಾನವಾಗಿ ಕಲಕಿದಾಗ ಹರಳು ಸಕ್ಕರೆಯಷ್ಟು ದಪ್ಪವಾಯಿತು. ಮೊದಲು ಬಸಿದು, ಆಮೇಲೆ ತೊಳೆದಾಗ ಮೀಟರು ಆರುನೂರಕ್ಕೆ ಬಂತು. ಎಷ್ಟು ಹೊತ್ತು ಬಸಿಯಬೇಕೆಂಬುದನ್ನು ಗೋಡೆ ಗಡಿಯಾರ ನೋಡುತ್ತ ನಲವತ್ತು ಸರದಿಯಲ್ಲಿ ಕಂಡುಕೊಂಡವರು ಈಕೆಯೇ. ಕಡಿಮೆಯಾದರೆ ಉಪ್ಪು ಉಳಿಯುತ್ತದೆ. ಹೆಚ್ಚಾದರೆ ರಾಶಿ ಗಟ್ಟಿಕಟ್ಟಿ, ತೊಳೆಯುವ ನೀರು ಪಕ್ಕದಿಂದ ಜಾರಿಹೋಗುತ್ತದೆ. ಹನ್ನೊಂದು ನಿಮಿಷ ಬಸಿ, ಮೂರು ನಿಮಿಷ ತೊಳೆ. ದಿನಕ್ಕೆ ಎಂಟು ಸರದಿ, ಸರದಿಗೆ ನಾನೂರು ಲೀಟರ್. ಹಿಂಡಕ್ಕ ಎಂಬ ಹೆಸರೂ ವಾಲ್ವಿನ ಜವಾಬ್ದಾರಿಯೂ ಒಟ್ಟಿಗೇ ಬಂದವು. ನೆಲ ಒರೆಸುವ ಕೆಲಸ ಮಾತ್ರ ತಪ್ಪಲಿಲ್ಲ.

ಹನ್ನೊಂದು ನಿಮಿಷ ಮುಗಿಯುತ್ತದೆ. ತೊಳೆತವೂ ಮುಗಿಯುತ್ತದೆ. ಕರಗಿಸುವ ತೊಟ್ಟಿಯಿಂದ ಚಟಪಟ ಸದ್ದು: ಅನಿಲ ಹರಳನ್ನು ಬಿಟ್ಟು ಹೊರಡುತ್ತಿದೆ. ಪರೀಕ್ಷೆಗೆ ಬಂದವರು ಪಾತ್ರೆಯಲ್ಲಿ ನೀರು ಹಿಡಿದು ಮೀಟರು ಅದ್ದುತ್ತಾರೆ. ಅಂಕಿ ಏರುತ್ತದೆ, ಇಳಿಯುತ್ತದೆ, ನಿಲ್ಲುತ್ತದೆ. ಮುನ್ನೂರ ಎಂಬತ್ತೆಂಟು.

ಎಂಜಿನಿಯರ್ ಉಸ್ಸೆಂದು ಇದ್ದಲ್ಲೇ ಕುಸಿದು ಕೂರುತ್ತಾರೆ.

"ಸರ್, ಅಲ್ಲಿ ಈಗಷ್ಟೇ ಒರೆಸಿದ್ದೆ," ಎನ್ನುತ್ತಾರೆ ಹಿಂಡಕ್ಕ. ಅಷ್ಟಂದು ತಾವೂ ಅವರ ಪಕ್ಕದಲ್ಲೇ ಕೂರುತ್ತಾರೆ. ಕಣ್ಣು ಒದ್ದೆ, ಮುಖದ ತುಂಬ ನಗು.

ಏನು ಬೇಕು ಕೇಳಿ ಎಂದು ಎಂಜಿನಿಯರ್ ಅಂದರೆ, ಬಹಳ ಯೋಚಿಸಿ ಹೇಳುತ್ತಾರೆ: "ಒಂದು ಸ್ಟೂಲು. ಎಂಟು ಸರದಿ ನಿಂತೇ ಕಾಯ್ಬೇಕು, ಮಂಡಿ ಬೈಯುತ್ತೆ."

ಮಧ್ಯಾಹ್ನ ಲ್ಯಾಬಿನವರೂ ಕುಡಿಯಬಹುದೆಂದು ಒಪ್ಪಿದ ಮೇಲೆ, ಆ ನೀರಿನ ಬಾಟಲಿಯೊಂದು ಮನೆ ತಲುಪುತ್ತದೆ. ಅತ್ತೆ ಒಂದು ಗುಟುಕು ಕುಡಿದು ಮುಖ ಕಿವುಚುತ್ತಾರೆ.

"ಏನೇ ಇದು, ರುಚೀನೇ ಇಲ್ವಲ್ಲ!"

"ಆ ರುಚಿ ತೆಗೆಯೋಕೇ ಎರಡು ವರ್ಷ ಹಿಡೀತು ಅತ್ತೆ."

ಅತ್ತೆ ಉಳಿದದ್ದನ್ನೂ ಖಾಲಿ ಮಾಡಿ ಲೋಟವನ್ನು ಮುಂದೆ ಚಾಚುತ್ತಾರೆ. ಹಿಂಡಕ್ಕ ಈ ಸಲ ಅರ್ಧಕ್ಕೆ ನಿಲ್ಲಿಸುವುದಿಲ್ಲ, ಅಂಚಿನವರೆಗೂ ತುಂಬಿಸುತ್ತಾರೆ.