ಮಲ್ಲಣ್ಣನ ಗಂಟಲಿಗೊಂದು ಇಂಗ್ಲಿಷ್ ಪದ

ಕಳೆದ ಭಾನುವಾರ ಬೆಳಿಗ್ಗೆ ನಾನಿನ್ನೂ ಬ್ರಷ್ ಬಾಯಲ್ಲಿಟ್ಟುಕೊಂಡಿರುವಾಗಲೇ ಮನೆ ಓನರ್ ಪಿಳ್ಳಪ್ಪನವರು ಬಾಗಿಲು ಬಡಿದರು. "ಮೇಡಂ, ಅರ್ಜೆಂಟಾಗಿ ಒಂದು ಇಂಗ್ಲಿಷ್ ಪದ ಬೇಕಾಗಿತ್ತು."

ಹೆಪ್ಪಿಗೆ ಒಂದು ಚಮಚ ಮೊಸರು ಕೇಳುವ ಧಾಟಿ!

ನಾನು ಬರೆಯುವುದು ಕನ್ನಡದಲ್ಲಿ. ಅದು ನಿಮಗೆ ಗೊತ್ತು, ನನಗೆ ಗೊತ್ತು. ಆದರೆ ಬಿಟಿಎಂ ಲೇಔಟಿನ ನಮ್ಮ ಬೀದಿಯ ಲೆಕ್ಕವೇ ಬೇರೆ. ಪೇಪರಿಗೆ ಬರೆಯುವ ಹೆಂಗಸಿಗೆ ಇಂಗ್ಲಿಷ್ ಬರಲೇಬೇಕು. ಯಾರ ಮಗುವಿಗೆ ಜ್ವರ ಬಂದರೂ ಲೀವ್ ಲೆಟರಿಗೆ ನಮ್ಮನೆಯ ಬೆಲ್ಲೇ ಒತ್ತುತ್ತಾರೆ.

"ಯಾವ ಪದ ಸಾರ್?"

"ಅದೇ ನಮ್ ಮಲ್ಲಣ್ಣ ಇಲ್ವಾ, ಅವ್ನಿಗೆ."

ಮಲ್ಲಣ್ಣ ಅಂದರೆ ಮಲ್ಲಿಕಾರ್ಜುನ. ವಿಜಾಪುರದ ಕಡೆಯ ಹುಡುಗ. ಕೊರಿಯರ್ ಆಫೀಸಿನಲ್ಲಿ ಕೆಲಸ, ನಮ್ಮ ತಲೆಯ ಮೇಲಿನ ರೂಮಿನಲ್ಲಿ ವಾಸ. ಬ್ಯಾಚುಲರ್‌ಗಳಿಗೆ ಮನೆ ಕೊಡುವುದಿಲ್ಲ ಎಂದು ಶಪಥ ಮಾಡಿದ್ದ ಪಿಳ್ಳಪ್ಪನವರು, ಬೇಗ ಮದುವೆಯಾಗುತ್ತೇನೆ ಎಂಬ ಮಾತು ತೆಗೆದುಕೊಂಡು ಇವನಿಗೆ ಮಾತ್ರ ಕೊಟ್ಟಿದ್ದರು. ಹುಡುಗ ಅಪ್ಪಟ ಬಂಗಾರ. ತೊಂದರೆ ಒಂದೇ. ಗಂಟಲು.

ಅವನು ಬಂದ ಹೊಸದರಲ್ಲಿ ಒಂದು ಸಂಜೆ ಮೇಲೆ ಭಯಂಕರ ಜಗಳ ಕೇಳಿಸಿತು. ನಮ್ಮನೆಯವರು ಬಿಡಿಸಲು ಮೆಟ್ಟಿಲು ಹತ್ತಿ ಓಡಿದರು. ಹೋಗಿ ನೋಡಿದರೆ ಊರಿನಿಂದ ಬಂದ ಗೆಳೆಯನಿಗೆ ಮಲ್ಲಣ್ಣ ಊಟಕ್ಕೆ ಬಡಿಸುತ್ತಿದ್ದಾನೆ. "ಇನ್ನೊಂದ್ ರೊಟ್ಟಿ ಹಾಕ್ಕೋಳಲೇ! ಯಾಕ ನಾಚ್ತೀಯೋ!" ಜಗಳ ಬಿಡಿಸಲು ಹೋದವರು ಎಣ್ಣೆಗಾಯಿ ತಿಂದು ಬಂದರು. (ನನಗೂ ಒಂದು ತರಬೇಕು ಅಂತ ಹೊಳೆಯಲಿಲ್ಲ ನೋಡಿ.)

ನಮಗೆ ಅಭ್ಯಾಸವಾಯಿತು. ಹೆಣ್ಣಿನ ಕಡೆಯವರಿಗೆ ಆಗಬೇಕಲ್ಲ? ಮದುವೆಗೆ ಮುಂಚೆ ಹುಡುಗನ ಓನರ್ ಹತ್ತಿರ, ಅಕ್ಕಪಕ್ಕದವರ ಹತ್ತಿರ ಗುಟ್ಟಾಗಿ ವಿಚಾರಿಸುವುದು ನಮ್ಮಲ್ಲಿ ಇದ್ದದ್ದೇ. ಹಾಗೆ ವಿಚಾರಿಸಲು ಬಂದ ಎರಡು ಮನೆಯವರು, ಇವನು ಮೇಲಿನಿಂದ ಹಾಲಿನವನ ಜೊತೆ ಪ್ರೀತಿಯಿಂದ ಮಾತಾಡುವುದನ್ನು ಕೇಳಿ ಗೇಟಿನಿಂದಲೇ ವಾಪಸ್ ಹೋಗಿದ್ದರು. ಎರಡನೆಯ ಸಲ ಪಾಪ, ಹುಡುಗ ಎರಡು ದಿನ ಬಾಯೇ ಬಿಡಲಿಲ್ಲ. ಬೇಜಾರಾದರೆ, ಪ್ರಪಂಚಕ್ಕೆಲ್ಲ ಉಲ್ಟಾ, ಅವನು ಮಾತು ನಿಲ್ಲಿಸುತ್ತಾನೆ. ಬಿಲ್ಡಿಂಗಿಗೆ ಬಿಲ್ಡಿಂಗೇ ಬಿಕೋ ಅಂದಿತ್ತು.

ಈಗ ಮೂರನೆಯದು. ತ್ಯಾಗರಾಜನಗರದ ಹುಡುಗಿ. ಹೆಣ್ಣು ನೋಡಲು ಹೋದಾಗ ಮಲ್ಲಣ್ಣ ನಾಚಿಕೆಗೆ ತುಟಿ ಬಿಚ್ಚಿರಲಿಲ್ಲ, ಹಾಗಾಗಿ ಅಲ್ಲಿ ಪಾಸು. ಬಂದವನು ಪಿಳ್ಳಪ್ಪನವರ ಹೆಂಡತಿ ಗೌರಮ್ಮನವರ ಹತ್ತಿರ "ಆದ್ರ ಇದೇ ಹುಡುಗಿ ಆಗ್ಬೇಕ್ ನೋಡ್ರಿ ಅವ್ವಾರ" ಅಂತ ಹೇಳಿಕೊಂಡನಂತೆ. (ಗುಟ್ಟಾಗಿ. ಮೂರು ಮನೆಯಾಚೆ ಕೇಳಿಸಿತು.)

ಆ ಹುಡುಗಿಯ ಸೋದರಮಾವ, ರಿಟೈರ್ಡ್ ಆಫೀಸರ್, ಹಿಂದಿನ ರಾತ್ರಿ ಫೋನ್ ಮಾಡಿದ್ದರು. ಬಿಲ್ಡಿಂಗಿನಲ್ಲಿ ಇರುವುದೊಂದೇ ಫೋನು, ಪಿಳ್ಳಪ್ಪನವರದು; ಎಲ್ಲರ ಪಿ.ಪಿ. ನಂಬರ್ ಅದೇ. "ಹುಡುಗನ ಡಿಮೀನರ್ ಹೇಗೆ ಅಂತ ಕೇಳ್ತಾವ್ರೆ ಮೇಡಂ. ಅಂಥಾದ್ದೆಲ್ಲ ಮಾಡಲ್ಲ ಸಾರ್, ಬೀಡಿ ಸಿಗರೇಟ್ ಕೂಡ ಇಲ್ಲ ಅಂದ್ಬಿಟ್ಟೆ!"

"ಅಯ್ಯೋ, ಜನರ ಜೊತೆ ಹೇಗೆ ನಡ್ಕೋತಾನೆ ಅಂತ ಸಾರ್ ಅದು."

"ಹಂಗಾ? ಹನ್ನೊಂದು ಗಂಟೆಗೆ ಬತ್ತಾವ್ರೆ. ಮಾತು ಜೋರು, ಮನಸ್ಸು ಬೆಣ್ಣೆ. ಅದಕ್ಕೆ ಇಂಗ್ಲಿಷ್‌ನಲ್ಲಿ ಒಂದೇ ಪದ ಕೊಡಿ."

"ಕನ್ನಡದಲ್ಲೇ ಹೇಳಿದ್ರಾಯ್ತಲ್ಲ?"

ಪಿಳ್ಳಪ್ಪನವರು ನನ್ನನ್ನು ಕನಿಕರದಿಂದ ನೋಡಿದರು. ಆಮೇಲೆ ಯೋಚಿಸಿದರೆ ಅವರದೇ ಸರಿ. ಮುಂಗೋಪಿ ಅನ್ನಿ, ಸಂಬಂಧ ಮುರಿಯಿತು. ಶಾರ್ಟ್ ಟೆಂಪರ್ ಅನ್ನಿ, ಅದೇನೋ ಡಿಗ್ರಿ ಇದ್ದ ಹಾಗಿರುತ್ತದೆ. ಜಿಪುಣ ಅಂದರೆ ಬೈಗುಳ, ಎಕನಾಮಿಕಲ್ ಅಂದರೆ ಗುಣ. ಅಂತೂ ಕನ್ನಡದಲ್ಲಿ ಹೇಳಿದರೆ ಜಗಳ, ಇಂಗ್ಲಿಷಿನಲ್ಲಿ ಹೇಳಿದರೆ ಸರ್ಟಿಫಿಕೇಟು. ನಾವೆಲ್ಲ ಹೀಗೇ ಅಲ್ಲವೇ ಮಾಡುವುದು?

ಸರಿ, ಹುಡುಕಾಟ ಶುರುವಾಯಿತು. ರಫ್? ಅದು ಪರೀಕ್ಷೆಯ ಕೊನೆಯ ಹಾಳೆ. ಅಗ್ರೆಸಿವ್? ಅದು ಫಾಸ್ಟ್ ಬೌಲರ್. ಬೋಲ್ಡ್ ಅಂದರೆ ಸಿನಿಮಾ ನಟಿ. ಫ್ರಾಂಕ್? ‘ನಾನು ತುಂಬಾ ಫ್ರಾಂಕ್ ಕಣ್ರೀ’ ಅಂದುಕೊಂಡು ನಿಮ್ಮ ಸೀರೆ ಚೆನ್ನಾಗಿಲ್ಲ ಅನ್ನುವವರೆಲ್ಲ ಕಣ್ಣ ಮುಂದೆ ಬಂದರು. ಬೇಡ. ಜೋವಿಯಲ್ ಅನ್ನೋಣವೆಂದರೆ ಅದಕ್ಕೆ ಸ್ವಲ್ಪ ಹೊಟ್ಟೆ ಇರಬೇಕು, ಮಲ್ಲಣ್ಣ ಕಡ್ಡಿ.

ನಮ್ಮನೆಯವರು ಡಿಕ್ಷನರಿ ತಿರುವಿ "ಬಾಯ್‌ಸ್ಟರಸ್, ಅಂದ್ರೆ ಗಲಾಟೆಯ ಆಸಾಮಿ" ಅಂದರು.

"ಬಾಯಿ ಅಂತ ಶುರುವಾಗೋದೇನೋ ಸರಿಯಾಗೇ ಐತೆ," ಅಂದರು ಪಿಳ್ಳಪ್ಪ. "ಆದ್ರೆ ಅವ್ರ ಮುಂದೆ ನನ್ ನಾಲಿಗೆ ತೊಡರ್ಕೊಂಡ್ರೆ?" ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು ಅವರೇ ಹೇಳಿದರು. "ಸುಮ್ನೆ ಸಾಫ್ಟ್ ಸ್ಪೋಕನ್ ಅಂದ್ಬಿಡವಾ?"

"ಸಾರ್! ಪಕ್ಕಾ ಸುಳ್ಳು!"

"ಏನ್ ಮೇಡಂ ನೀವು. ಮನೆ ಬಾಡಿಗೆಗೆ ಕೊಡೋವಾಗ ಇಪ್ಪತ್ನಾಲ್ಕು ಗಂಟೆ ನೀರು ಅಂತ ಹೇಳಲ್ವಾ? ಹಂಗೇ."

ಆ ಮಾತನ್ನು ನಂಬಿ ಬಂದು ಮೂರು ವರ್ಷದಿಂದ ಬಕೆಟ್ ಹಿಡಿದು ನಿಂತಿರುವವಳು ನಾನು. ಆದರೂ ಒಪ್ಪಿದೆ. ಹುಡುಗನ ಮುಖ ನೋಡಿದರೆ ನೀವೂ ಒಪ್ಪುತ್ತಿದ್ದಿರಿ.

ಮಲ್ಲಣ್ಣನನ್ನು ಕೂರಿಸಿ ಟ್ರೈನಿಂಗ್ ಕೊಟ್ಟೆವು. "ಒಂದು ಗಂಟೆ ಮೆತ್ತಗೆ ಮಾತಾಡಪ್ಪ, ಸಾಕು."

"ಮೆತ್ತಗಂದ್ರ ಹ್ಯಾಂಗ್ರಿ ಅಕ್ಕಾರ? ಈಗ ನಾ ಮೆತ್ತಗನ ಮಾತಾಡಾಕತ್ತೇನಲ್ರೀ!"

ಕಿಟಕಿಯ ಮೇಲಿದ್ದ ಪಾರಿವಾಳ ಹಾರಿಹೋಯಿತು.

ಕಡೆಗೆ ಗೌರಮ್ಮನವರು, "ಪರೀಕ್ಷೆ ಹಾಲ್‌ನಲ್ಲಿ ಪಕ್ಕದೋನ್ನ ಆನ್ಸರ್ ಕೇಳ್ತೀಯಲ್ಲ, ಹಂಗೆ ಮಾತಾಡು" ಅಂದರು. ತಕ್ಷಣ ಅರ್ಥವಾಯಿತು.

ಹನ್ನೊಂದಕ್ಕೆ ಸರಿಯಾಗಿ ಹುಡುಗಿಯ ಸೋದರಮಾವನವರು ಸ್ಕೂಟರಿನಲ್ಲಿ ಬಂದರು. ಸಫಾರಿ ಸೂಟು, ಗಂಭೀರ ಮುಖ. ಪಿಳ್ಳಪ್ಪನವರ ಹಾಲ್‌ನಲ್ಲಿ ನಮ್ಮೆಲ್ಲರ ಮುಂದೆ ಕೂತು ಕಾಫಿ ಮುಟ್ಟುವ ಮೊದಲೇ ಕೇಳಿದರು. "ಹುಡುಗ ಹೇಗೆ?"

"ಸಾಫ್ಟ್ ಸ್ಪೋಕನ್ ಸಾರ್!" ಪಿಳ್ಳಪ್ಪನವರು ಬಾಯಿಪಾಠ ಒಪ್ಪಿಸಿದರು.

ಮಾವನವರ ಮುಖ ಅರಳಲಿಲ್ಲ. ಸಪ್ಪಗಾಯಿತು.

ಮಲ್ಲಣ್ಣ ಇಳಿದು ಬಂದ. ಕೆಲಸ ಹೇಗಿದೆ ಎಂದರೆ ಪಿಸಪಿಸ. ಊರಿನಲ್ಲಿ ಯಾರಿದ್ದಾರೆ ಎಂದರೆ ಪಿಸಪಿಸ. ಕೇಳಿಸಿಕೊಳ್ಳಲು ಮಾವನವರು ಬಗ್ಗಿ ಬಗ್ಗಿ, ಇನ್ನೇನು ಅವನ ತೊಡೆಯ ಮೇಲೆ ಬೀಳಬೇಕು. ಇವನಿಗೋ ದನಿ ಅದುಮಿಟ್ಟುಕೊಂಡು ಹಣೆಯಲ್ಲಿ ಬೆವರು. ಕಾಲು ಗಂಟೆಯಲ್ಲಿ ಮಾವನವರು ಎದ್ದರು. ನನ್ನನ್ನು ಬಾಗಿಲ ಹತ್ತಿರ ಕರೆದು ತಗ್ಗಿದ ದನಿಯಲ್ಲಿ ಹೇಳಿದರು.

"ಬೇಜಾರು ಮಾಡ್ಕೋಬೇಡಿ ಮೇಡಂ. ನಮ್ಮ ದೊಡ್ಡ ಹುಡುಗಿ, ಇವಳ ಅಕ್ಕ, ಅವಳ ಗಂಡನ್ನೂ ಎಲ್ರೂ ಸಾಫ್ಟ್ ಸ್ಪೋಕನ್ ಅಂತಾನೇ ಹೇಳಿದ್ರು. ನಿಜಾನೇ. ಸಿಟ್ಟು ಬಂದ್ರೆ ತಿಂಗಳುಗಟ್ಟಲೆ ಮಾತಾಡಲ್ಲ. ಯಾಕೆ ಸಿಟ್ಟು ಅಂತ ಗೊತ್ತಾಗದೆ ಆ ಮಗು ಗೋಡೆ ನೋಡ್ಕೊಂಡು ಊಟ ಮಾಡುತ್ತೆ. ಇನ್ನೊಂದು ಹುಡುಗಿನ ಹಾಗೆ ಮಾಡೋಕೆ ನನ್ನಿಂದ ಆಗಲ್ಲ."

ಥೂ, ಎಂಥ ಕೆಲಸ ಮಾಡಿದೆವು! ಇದ್ದ ಪದಗಳನ್ನೆಲ್ಲ ಬಿಟ್ಟು, ಆ ಮನೆಯವರನ್ನು ಅಳುವಂತೆ ಮಾಡಿದ ಪದವನ್ನೇ ಆರಿಸಿ ಕೊಟ್ಟಿದ್ದೆವು. ನಿಜ ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಅವರು ಗೇಟು ದಾಟಿ ಸ್ಕೂಟರಿಗೆ ಕಿಕ್ ಹೊಡೆದಾಗಿತ್ತು.

ಎಡಕ್ಕೆ ತಿರುಗಿದರು. ಆ ರಸ್ತೆಯನ್ನು ಪೈಪಿಗೆಂದು ಅಗೆದು ಬಿಟ್ಟಿದ್ದರು. (ನಮ್ಮ ಏರಿಯಾದಲ್ಲಿ ಯಾವ ರಸ್ತೆಯನ್ನು ಅಗೆದಿರಲಿಲ್ಲ ಅಂತ ಕೇಳಿ.)

"ಸಾಹೇಬ್ರ! ಆ ಕಡೆ ಹೋಗಬ್ಯಾಡ್ರೀ! ತೆಗ್ಗೈತ್ರೀ! ನಿಂದರ‍್ರೀ!"

ಬೀದಿಯ ಕೊನೆಯ ನಾಯಿ ಎದ್ದು ಕೂತಿತು. ಇಸ್ತ್ರಿಯವನು ಪೆಟ್ಟಿಗೆ ಎತ್ತಿ ಹಿಡಿದು ನಿಂತ. ಸ್ಕೂಟರು ಗುಂಡಿಯ ಅಂಚಿನಲ್ಲಿ ನಿಂತಿತು.

ಕೂಗಿದ ಮೇಲೆ ಮಲ್ಲಣ್ಣ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಕಣ್ಣಲ್ಲಿ ನೀರು. ಮುಗಿಯಿತು ಅಂತಲೇ ಅವನ ಲೆಕ್ಕ, ನಮ್ಮೆಲ್ಲರ ಲೆಕ್ಕವೂ ಅದೇ.

ಮಾವನವರು ಸ್ಕೂಟರು ತಳ್ಳಿಕೊಂಡು ವಾಪಸ್ ಬಂದರು. "ಯಾರು ಕೂಗಿದ್ದು?"

"ನಾನ ರೀ. ತಪ್ಪಾತ್ರಿ. ಹುಟ್ಟಿದಾಗಿಂದ ಹಿಂಗ ಅದೀನ್ರಿ. ಇವ್ರೆಲ್ಲಾ ನನ್ನ ಮದುವಿ ಆಗ್ಲಿ ಅಂತ ಮೆತ್ತಗ ಮಾತಾಡಾಕ ಹಚ್ಚಿದ್ರು."

"ಸಿಟ್ಟು ಬಂದ್ರೆ?"

"ಇನ್ನೂ ಜೋರ್ ರೀ! ಐದ್ ನಿಮಿಷ ಒದರ‍್ತೇನಿ. ಆಮ್ಯಾಲ ಹಸಿವಾಕ್ಕೇತಿ, ಉಣ್ತೇನಿ."

"ಬೇಜಾರಾದ್ರೆ?"

ಮಲ್ಲಣ್ಣ ತಡವರಿಸಿದ. ಈ ಸಲ ಸುಳ್ಳು ಹೇಳಲು ಅವನಿಗೆ ಧೈರ್ಯವಿರಲಿಲ್ಲ. "ಬ್ಯಾಸರಾದ್ರ ಸುಮ್ನಾಗ್ತೇನ್ರಿ. ಆದ್ರ ನಾ ಸುಮ್ನಾದ್ರ ಇಡೀ ಓಣಿ ಬಂದು ಏನಾತೋ ಅಂತ ಕೇಳ್ತಾರ್ರಿ. ಹೇಳಬೇಕಾಕ್ಕೇತಿ."

ಮಾವನವರು ನಕ್ಕರು. ಸ್ಕೂಟರಿಗೆ ಸ್ಟ್ಯಾಂಡ್ ಹಾಕಿ, "ಆ ಕಾಫಿ ಆರಿದ್ರೆ ಇನ್ನೊಂದು ಲೋಟ ಕೊಡ್ತೀರಾ ತಾಯಿ?" ಎಂದು ಗೌರಮ್ಮನವರನ್ನು ಕೇಳಿದರು. ನನಗೆ ಅಳು ಬಂತು. ಕಾಫಿ ಕುಡಿಯುತ್ತ ಇಬ್ಬರೂ ಹುಡುಗಿಯ ಮನೆಯ ವಿಷಯ ಮಾತಾಡಿದರು. ಒಬ್ಬರದು ನಮಗೆ ಕೇಳಿಸಲಿಲ್ಲ, ಇನ್ನೊಬ್ಬರದು ತ್ಯಾಗರಾಜನಗರಕ್ಕೂ ಕೇಳಿಸಿರಬೇಕು. ಮುಂದಿನ ತಿಂಗಳು ನಿಶ್ಚಿತಾರ್ಥ.

ಬುಧವಾರ ಹುಡುಗಿ ಪಿ.ಪಿ. ನಂಬರಿಗೆ ಫೋನ್ ಮಾಡಿದಳು. ಮಲ್ಲಣ್ಣ ಒಂದೇ ಉಸಿರಿಗೆ ಇಳಿದು ಬಂದು ರಿಸೀವರ್ ಹಿಡಿದ. ನಾನು ಹಪ್ಪಳ ಕೊಡುವ ನೆಪದಲ್ಲಿ ಅಲ್ಲೇ ಇದ್ದೆ. ಪಿಳ್ಳಪ್ಪನವರು ಟಿವಿ ವಾಲ್ಯೂಮ್ ಸೊನ್ನೆ ಮಾಡಿದರು. ಗೌರಮ್ಮ ಕುಕ್ಕರ್ ಆರಿಸಿದರು.

ಮಲ್ಲಣ್ಣ ಗೋಡೆಯ ಕಡೆ ತಿರುಗಿ, ಫೋನಿಗೆ ಅಂಗೈ ಅಡ್ಡ ಹಿಡಿದು, ಯಾರೂ ಹೇಳಿಕೊಡದೆಯೇ ಪಿಸುಗುಟ್ಟತೊಡಗಿದ. ಒಂದಕ್ಷರ ಕೇಳಿಸಬೇಕಲ್ಲ! ಅರ್ಧ ಗಂಟೆ ತಡೆದುಕೊಂಡ ಪಿಳ್ಳಪ್ಪನವರು ಕಡೆಗೆ ಸಿಡಿದೇ ಬಿಟ್ಟರು.

"ಲೋ ಮಲ್ಲಣ್ಣ, ಸ್ವಲ್ಪ ಜೋರಾಗಿ ಮಾತಾಡೋ, ಮನೇಲಿ ನಾವೂ ಇದೀವಿ!"