ವಾಡಿಯಲ್ಲಿ ನೋಡುವಂಥದ್ದು

ಗೆಳೆಯರೇ, ಇವತ್ತು ಸಂಬಂಧ ಕೈತಪ್ಪಿದ್ದಕ್ಕೆ ಜಾತಕ ಕಾರಣವಲ್ಲ, ನಮ್ಮ ಮಾಮನ ಊರಭಿಮಾನ ಕಾರಣ. ಅವನ ಮಗಳನ್ನು ನೋಡಲು ರಾಯಚೂರಿನಿಂದ ಗಂಡಿನ ಕಡೆಯವರು ವಾಡಿಗೆ ಬಂದಿದ್ದರು. ಹೆಣ್ಣು ನೋಡಿದ್ದಾಯಿತು, ಒಳಗೆ ಅತ್ತೆ ಹೋಳಿಗೆ ಬೇಯಿಸುತ್ತಿದ್ದಳು. ಹುಡುಗನ ತಾಯಿ ಸುಮ್ಮನೆ ಕೇಳಿದರು: "ನಿಮ್ಮ ಊರಾಗ ನೋಡೋದು ಏನದ್ರಿ?"

ಹತ್ತಿರದ ಮಳಖೇಡದ ಕೋಟೆ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಮಾಮ ಎಲ್ಲರನ್ನೂ ಎಬ್ಬಿಸಿ, ರೈಲು ನಿಲ್ದಾಣದ ಮೇಲ್ಸೇತುವೆ ಹತ್ತಿಸಿದ.

"ಇದು ಸೋಲಾಪುರ ಲೈನ್, ಅದು ಹೈದರಾಬಾದ್, ಆ ಕಡಿಂದು ನಿಮ್ಮ ರಾಯಚೂರು. ಭಾಳ ದೊಡ್ಡ ಜಂಕ್ಷನ್ ರಿ!"

ಸುಡುಬಿಸಿಲು. ಆ ತಾಯಿ ಸೆರಗಿನಿಂದ ಬೆವರು ಒರೆಸಿಕೊಂಡು, "ರಾಯಚೂರ ಗಾಡಿ ಯಾವಾಗದ್ರಿ?" ಎಂದರು.

"ಅಗೋ, ಬರ್ಲಿಕತ್ತದ ನೋಡ್ರಿ!"

ಸಂಜೆ ಹೊರಡಬೇಕಿದ್ದವರು, "ಫೋನ್ ಮಾಡ್ತೀವ್ರಿ" ಎಂದು ಊಟವನ್ನೂ ಮಾಡದೆ ಅದನ್ನೇ ಹತ್ತಿಬಿಟ್ಟರು.

ಮನೆಯಲ್ಲಿ ಅತ್ತೆ ಮಾತು ಬಿಟ್ಟಿದ್ದಾಳೆ. ಮಗಳು ಮಾತ್ರ ಹೋಳಿಗೆ ತಿನ್ನುತ್ತಾ, "ಅಪ್ಪಾ, ಹೋಗೋ ಹಾದಿ ಅಷ್ಟು ಛಂದ ತೋರ್ಸಿದ್ರ ಅವರು ಹೋಗದೆ ಏನ್ ಮಾಡ್ತಾರ?" ಎಂದಳು.

ಮಾಮನಿಗೆ ಒಂದಿಷ್ಟೂ ಬೇಸರವಿಲ್ಲ. "ಇರ್ಲಿ ಬಿಡವ್ವ, ಗಾಡಿ ಕರೆಕ್ಟ್ ಟೈಮಿಗೆ ಬಂತಿಲ್ಲ?"